ಊರಿನ ಬಚ್ಚಲುಮನೆಗಳಲ್ಲಿ ಹದಿನೇಳು ವರ್ಷ

ಬಿಸಿನೀರು ಬರುತ್ತಿಲ್ಲ ಎಂದು ಸಂಜೆ ಹೊತ್ತಿಗೆ ಫೋನು ಮಾಡುವವರು ಬಹಳ ಕಡಿಮೆ. ಫೋನು ಬರುವುದೇ ಬೆಳಿಗ್ಗೆ ಆರೂವರೆಯಿಂದ ಏಳೂವರೆಯೊಳಗೆ. ಮಾಡುವವರು ತಲೆಗೆ ಎಣ್ಣೆ ಹಚ್ಚಿಕೊಂಡು, ಟವೆಲು ಸುತ್ತಿಕೊಂಡು, ಬಚ್ಚಲಿಗೂ ಜಗಲಿಗೂ ನಡುವೆ ನಿಂತಿರುತ್ತಾರೆ. "ಹ್ವಾಯ್, ಎಣ್ಣಿ ಹಚ್ಕಂಡ್ ನಿಂತಿದೆ ಮಾರಾಯ್ರೆ, ನೀರ್ ಕಂಡ್ರೆ ಹಿಮದ್ ಹಾಂಗೆ ಬತ್ತಿತ್ತ್. ಒಂಚೂರ್ ಬೇಗ ಬನ್ನಿ!" ನಾನು ಕೋಟದಿಂದ ಬಸ್ಸು ಹತ್ತಿ ಕುಂದಾಪುರಕ್ಕೆ ಬಂದು, ಚೀಲ ಎತ್ತಿಕೊಂಡು ಅವರ ಮನೆಗೆ ಮುಟ್ಟುವಾಗ ಎಂಟೂವರೆಯಾದರೂ ಆಗಬೇಕು. ಅಷ್ಟರವರೆಗೆ ಎಣ್ಣೆ ಹಚ್ಚಿಕೊಂಡೇ ಕಾದವರಿದ್ದಾರೆ. ತಣ್ಣೀರನ್ನೇ ಸುರಿದುಕೊಂಡು, ಆ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡವರೂ ಇದ್ದಾರೆ.

ಗೀಸರು ರಿಪೇರಿಯ ಈ ಕೆಲಸಕ್ಕೆ ಹೊಸದಾಗಿ ಇಳಿದ ಕೆಲವರು ಈಗಲೂ ಮನೆಗೆ ಬಂದು ಅದು ಇದು ಕೇಳುತ್ತಾರೆ. ನೀರು ಕಾಯಿಸುವ ಕಾಯಿಲ್ ಬದಲಿಸುವುದು, ಥರ್ಮೋಸ್ಟಾಟ್ ಪರೀಕ್ಷೆ ಮಾಡುವುದು ಅವರಿಗೆ ಗೊತ್ತಿರುತ್ತದೆ. ಅದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಉಳಿದ ಸಂಗತಿ. ನಾವು ಹೋಗುವುದು ಜನರ ಬಚ್ಚಲುಮನೆಗೆ. ನೆಂಟರು ಬಂದರೂ ಮೊದಲು ಒಳಗೆ ಹೋಗಿ ಒಂದು ಸಲ ನೋಡಿ, ಬಟ್ಟೆ ತೆಗೆದು, ಆಮೇಲೆ ಬಿಡುವ ಜಾಗ ಅದು. ನಮ್ಮನ್ನು ಮಾತ್ರ ನೇರ ಒಳಗೆ ಬಿಡುತ್ತಾರೆ. ಆ ನಂಬಿಕೆಗೆ ತಕ್ಕ ಹಾಗೆ ಎಲ್ಲ ಸಲವೂ ನಡೆದುಕೊಂಡೆ ಎಂದು ಹೇಳಲಾರೆ. ಎಲ್ಲಿ ತಪ್ಪಿದೆ ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕೋಟದಲ್ಲಿ ನಾನು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿದ್ದೆ. ಆ ಅಂಗಡಿ ಮುಚ್ಚಿದ ಮೇಲೆ, 1997ರಲ್ಲಿ, ಕುಂದಾಪುರದ ಪೈ ಮಾಮ್ ಅವರ ಇಲೆಕ್ಟ್ರಿಕ್ ಅಂಗಡಿ ಸೇರಿದೆ. ಆಗಲೇ ನನಗೆ ನಲವತ್ತು ದಾಟಿತ್ತು; ಅಲ್ಲಿ ಹದಿನೇಳು ವರ್ಷ ಇದ್ದೆ. ಪೈ ಮಾಮ್ ಎಂದರೆ ಬೆಳ್ಳಗೆ ಪಂಚೆ, ಬೆಳ್ಳಗೆ ಅಂಗಿ, ಜೇಬಿನಲ್ಲಿ ಒಂದು ಪೆನ್ನು. ಇಡೀ ಜೀವಮಾನದಲ್ಲಿ ಸ್ಕ್ರೂಡ್ರೈವರ್ ಹಿಡಿದವರಲ್ಲ. "ಮೋಟ್ರ್ ಸುತ್ತಿದ್ ಕೈ ಅಲ್ದಾ? ಗೀಸರ್ ಎಂತ ಮಹಾ. ಬಾಬಣ್ಣನೊಟ್ಟಿಗೆ ಹೋಗಿ," ಎಂದರು.

ಬಾಬಣ್ಣ ಅಂಗಡಿಯ ಹಿರಿಯ ಮೆಕ್ಯಾನಿಕ್. ನನಗಿಂತ ಹತ್ತು ವರ್ಷ ದೊಡ್ಡವರು. ಮುಂಬಯಿಯ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ಬಾಯ್ಲರು ನೋಡಿಕೊಂಡು ಊರಿಗೆ ಮರಳಿದವರು. ಕುಂದಾಪುರ ಕನ್ನಡದ ನಡುವೆ ಹಿಂದಿ ಹಾಕುತ್ತಿದ್ದರು, ಸಿಟ್ಟು ಬಂದರೆ ಪೂರ್ತಿ ಹಿಂದಿ. ಅವರ ಒಂದು ಅಭ್ಯಾಸ ನನಗೆ ಮೊದಮೊದಲು ವಿಚಿತ್ರ ಅನಿಸುತ್ತಿತ್ತು. ಯಾವ ಮನೆಗೆ ಹೋದರೂ ಗೀಸರು ನೋಡುವ ಮೊದಲು ಬಾವಿಯ ನೀರು ಒಂದು ಲೋಟ ತರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನುಂಗದೆ ಒಂದು ಗಳಿಗೆ ಬಾಯಲ್ಲೇ ಇಟ್ಟುಕೊಂಡು ಅಂಗಳಕ್ಕೆ ಉಗಿದು, "ಇಲ್ಲಿ ತಾಮ್ರದ್ ಟ್ಯಾಂಕೇ ಆಯ್ಕ್," ತಾಮ್ರವೇ ಆಗಬೇಕು ಎಂದೋ, "ಉಪ್ಪ್ ಇತ್ತ್, ವರ್ಷಕ್ಕೊಂದ್ಸಲ ಬಿಚ್ಚಿ ಕಾಣ್ಕ್," ಎಂದೋ ಹೇಳುತ್ತಿದ್ದರು.

ಅದು ನಾಟಕವಲ್ಲ ಎಂದು ಒಂದೇ ವರ್ಷದಲ್ಲಿ ತಿಳಿಯಿತು. ಸಮುದ್ರದ ಹತ್ತಿರದ ಬಾವಿಗಳ ನೀರು ಏಪ್ರಿಲ್ ಮೇ ತಿಂಗಳಲ್ಲಿ ಉಪ್ಪಾಗುತ್ತದೆ. ಆ ನೀರು ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ಗುಡ್ಡದ ಕಡೆಯ ಕೆಂಪು ನೀರು ತಿನ್ನುವುದಕ್ಕಿಂತ ಹೆಚ್ಚಾಗಿ ಕಟ್ಟಿಕೊಳ್ಳುತ್ತದೆ. ಕಾಯಿಲ್ ಬಿಚ್ಚಿದರೆ ಹುತ್ತದ ಮಣ್ಣು ಮೆತ್ತಿದ ಹಾಗೆ ಇರುತ್ತದೆ. ಒಂದೇ ಕಂಪನಿಯ ಒಂದೇ ಗೀಸರು ಒಂದು ಊರಲ್ಲಿ ಹನ್ನೆರಡು ವರ್ಷ ಬಾಳಿ, ಆರು ಮೈಲಿ ಆಚೆ ಮೂರೇ ವರ್ಷಕ್ಕೆ ಸೋರಿದ್ದನ್ನು ನೋಡಿದ್ದೇನೆ.

ಆಗ ಊರಿನಲ್ಲಿ ಹಂಡೆಯಿಂದ ಗೀಸರಿಗೆ ಬದಲಾಗುತ್ತಿದ್ದ ಕಾಲ. ತೆಂಗಿನ ಮಡಲು, ಸಿಪ್ಪೆ ಒಟ್ಟಿ ಬೆಂಕಿ ಹಾಕುವ ಒಲೆ ಕೆಡವಿ, ಗೋಡೆಗೆ ಟೈಲ್ಸ್ ಹಾಕಿ, ಮೇಲೆ ಬಿಳಿ ಡಬ್ಬಿಯೊಂದನ್ನು ತೂಗುಹಾಕುವುದು. ಒಪ್ಪದ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಿದ್ದರು. ಗೀಸರಿನ ನೀರು ಮೈಗೆ ಹಿಡಿಯುವುದಿಲ್ಲ, ಒಣ ಬಿಸಿ ಅದು, ಹೊಗೆಯ ವಾಸನೆ ಇಲ್ಲದ ಮೇಲೆ ಮೀಯುವುದು ಎಂತಕ್ಕೆ ಎಂದು ನನ್ನೊಡನೆ ವಾದ ಹಾಕುತ್ತಿದ್ದರು. ನಾನು ತಲೆ ಅಲ್ಲಾಡಿಸಿ ಬೋಲ್ಟು ತಿರುಗಿಸುತ್ತಿದ್ದೆ.

ಬೋಲ್ಟು ಎಂದಾಗ ನನ್ನ ಮೊದಲ ದೊಡ್ಡ ಎಡವಟ್ಟು ನೆನಪಾಗುತ್ತದೆ. ಸಿದ್ದಾಪುರದ ಕಡೆ ಶೀನ ಶೆಟ್ರು ಎಂಬವರ ಮನೆ. ಇಪ್ಪತ್ತೈದು ಲೀಟರಿನ ಗೀಸರು. ಬಾಬಣ್ಣನಿಗೆ ಜ್ವರ, ನಾನೊಬ್ಬನೇ ಹೋಗಿದ್ದೆ. ಗೋಡೆಗೆ ಚಂದದ ಸಿಮೆಂಟು ಗಾರೆ, ಅದರ ಮೇಲೆ ನೀಲಿ ಬಣ್ಣ. ಡ್ರಿಲ್ ಮಾಡಿದೆ, ಬೋಲ್ಟು ಬಿಗಿದೆ, ತೂಗುಹಾಕಿದೆ, ನೀರು ಬಿಸಿಯಾಯಿತು. ಶೆಟ್ರ ಮನೆಯವರು ಅವಲಕ್ಕಿ, ಬಾಳೆಹಣ್ಣು ಕೊಟ್ಟರು. ತಿಂದು ಬಂದೆ.

ನಾಲ್ಕನೆಯ ದಿನ ಮಧ್ಯಾಹ್ನ ಅಂಗಡಿಗೆ ಫೋನು ಬಂತು. ಶೆಟ್ರದ್ದೇ ದನಿ, ಬಹಳ ಸಮಾಧಾನದಲ್ಲಿತ್ತು.

"ಹ್ವಾಯ್ ಸುಧಾಕರ್‌ರೆ, ನೀವ್ ಹಾಕಿದ್ ಗೀಸರ್ ಮೀವ್ಕೆ ಕೆಳಗ್ ಇಳ್ದಿತ್ತ್ ಕಾಣಿ."

ಹೋಗಿ ನೋಡಿದರೆ ಗೀಸರು ಬಚ್ಚಲಿನ ನೆಲದ ಮೇಲೆ ಬೋರಲು ಬಿದ್ದಿತ್ತು. ಪಕ್ಕದಲ್ಲಿ ಅದರ ಏಟಿಗೆ ಹೊಟ್ಟೆ ತಗ್ಗಿದ ಹಳೆಯ ತಾಮ್ರದ ಹಂಡೆ. ಗೋಡೆಯಲ್ಲಿ ಎರಡು ದೊಡ್ಡ ಗುಂಡಿ. ಗಾರೆಯ ಹಿಂದೆ ಇದ್ದದ್ದು ಬರೀ ಮಣ್ಣಿನಲ್ಲಿ ಕೂರಿಸಿದ ಹಳೆಯ ಕೆಂಪು ಮುರಕಲ್ಲು. ನೀರು ತುಂಬಿದ ಗೀಸರಿನ ಭಾರವನ್ನು ಅದು ನಾಲ್ಕು ದಿನ ಹೊತ್ತದ್ದೇ ಹೆಚ್ಚು. ಅದು ಬೀಳುವಾಗ ಶೆಟ್ರ ತಾಯಿ ಮಿಂದು ಹೊರಗೆ ಬಂದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲವಂತೆ. ಅದನ್ನು ಕೇಳಿ ಅಲ್ಲೇ ಒದ್ದೆ ನೆಲದ ಮೇಲೆ ಕುಳಿತೆ. ಶೆಟ್ರೇ ಒಂದು ಚೆಂಬು ನೀರು ತಂದು ಕೊಟ್ಟರು.

ಪೈ ಮಾಮ್ ಬೈಯಲಿಲ್ಲ. ಹೊಸ ಗೀಸರು ಕಳಿಸಿಕೊಟ್ಟರು. ಹಂಡೆಯನ್ನು ಕಂಚುಗಾರರಲ್ಲಿ ಸರಿಮಾಡಿಸಿ ನಾನೇ ಹೊತ್ತು ಕೊಟ್ಟು ಬರಬೇಕು ಎಂದರು. ಸಂಜೆ ಅಂಗಡಿ ಮುಚ್ಚುವಾಗ ಒಂದೇ ಮಾತು ಹೇಳಿದರು: "ಸುಧಾಕರ, ಗೋಡೆ ಸಹ ಗಿರಾಕಿಯೇ. ಅದನ್ನೂ ಒಂದ್ಸಲ ಮಾತಾಡ್ಸಿ ಬರ್ಕ್." ಅಂದಿನಿಂದ ಹಳೆಯ ಗೋಡೆಯಾದರೆ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಿದ್ದೆ. ಸದ್ದು ಟೊಳ್ಳು ಅನಿಸಿದರೆ ಬೋಲ್ಟನ್ನು ಗೋಡೆಯಾಚೆಗೆ ದಾಟಿಸಿ, ಹೊರಗಡೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯುವುದು. ಕೆಲಸ ಎರಡರಷ್ಟಾಗುತ್ತದೆ. ಆಗಲಿ.

ಇನ್ನೊಂದು ಬೈಂದೂರಿನ ಲಚ್ಚಮ್ಮನ ಕಥೆ. ಅರುವತ್ತು ದಾಟಿದ ಗಟ್ಟಿಗಿತ್ತಿ. ಮಗಳು ಜಲಜಾ ಹೆರಿಗೆಗೆ ಬರುತ್ತಾಳೆ ಎಂದು ಮುಂಚೆಯೇ ಗೀಸರು ಹಾಕಿಸಿದ್ದರು. ನಾವು ಕೂರಿಸಿದ್ದಲ್ಲ, ಬೇರೆ ಯಾರೋ ಹಾಕಿದ್ದು. ಬಾಣಂತಿ ಸ್ನಾನವೆಂದರೆ ಗೊತ್ತಲ್ಲ, ಕೊಡಗಟ್ಟಲೆ ಬಿಸಿನೀರು ಬೇಕು. ಮಗು ಹುಟ್ಟಿ ಹದಿನೈದು ದಿನವಾಗಿತ್ತು. ಆಗ ನಮ್ಮ ಅಂಗಡಿಗೆ ಫೋನು ಬಂತು.

"ನೀರ್ ಕಚ್ಚುತ್ತ್."

"ಎಂತ ಅಮ್ಮ, ಬಿಸಿ ಜಾಸ್ತಿ ಆತ್ತಾ?"

"ಬಿಸಿ ಸುಡುತ್ತ್ ಮಾರಾಯ್ರೆ, ಕಚ್ಚುದಿಲ್ಲೆ. ಇದ್ ಕಚ್ಚುತ್ತ್."

ಹೋದೆ. ಸ್ವಿಚ್ ಹಾಕಿ ನಲ್ಲಿಗೆ ಟೆಸ್ಟರ್ ಮುಟ್ಟಿಸಿದೆ. ಅದರ ದೀಪ ಹತ್ತಲಿಲ್ಲ. ಗೀಸರಿನ ಮೈಗೆ ಮುಟ್ಟಿಸಿದೆ. ಇಲ್ಲ. ಸರಿ ಇದೆ ಎಂದು ಹೇಳಿ ಬಂದೆ. ವಾರ ಬಿಟ್ಟು ಮತ್ತೆ ಫೋನು. ಮತ್ತೆ ಹೋದೆ, ಮತ್ತೆ ಏನೂ ಇಲ್ಲ. ಕುಂದಾಪುರದಿಂದ ಬೈಂದೂರಿಗೆ ಎರಡು ಸಲ ಹೋದ ಬೇಸರ ನನಗೆ. ಬಾಯಿ ಜಾರಿತು. "ಅಮ್ಮಾ, ಕರೆಂಟ್ ಎಂತದೂ ಇಲ್ಲ. ನಿಮ್ಮ ಕೈಗೆ ವಾತ ಇರ್ಕ್. ಕೆಲವರಿಗೆ ಬಿಸಿನೀರ್ ಬಿದ್ರೆ ಜುಂ ಅಂತ್ ಹೇಳಿ ಅನ್ಸುತ್ತ್."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ದಿನ ಕಾಫಿ ಕೊಡಲಿಲ್ಲ.

ಮೂರನೆಯ ಸಲ ಫೋನು ಬಂದಾಗ ಬಾಬಣ್ಣ ನನ್ನ ಮುಖ ನೋಡಿ, "ನಾನೂ ಬತ್ತೆ," ಎಂದರು. ಲಚ್ಚಮ್ಮನ ಮನೆ ಮುಟ್ಟಿದಾಗ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಅಷ್ಟೂ ದಿನ ಅವರು ಅಲ್ಲಿಂದ ಕೊಡದಲ್ಲಿ ಬಿಸಿನೀರು ಹೊತ್ತು ಮಗಳಿಗೆ ಮೀಯಿಸುತ್ತಿದ್ದರು. "ನನ್ ಕೈಗೆ ಕಚ್ಚಿದ್ ನನ್ ಹೆಣ್ಣಿಗೆ ಕಚ್ಚುದ್ ಬ್ಯಾಡ," ಎಂದರು. ಅವರ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಬಾಬಣ್ಣ ಕೇಳಿದ ಮೊದಲ ಪ್ರಶ್ನೆ ನಾನು ಎರಡು ಸಲವೂ ಕೇಳಿರಲಿಲ್ಲ. "ಯಾವಾಗ ಕಚ್ಚುತ್ತ್ ಅಕ್ಕ? ಹಾಕಿದ್ ಕೂಡ್ಲೆಯಾ, ತಡ ಆಯಿಯಾ?"

"ಸುಮಾರ್ ಹೊತ್ತ್ ಉರ್ದ ಮೇಲೆ. ಸುರೂವಿಗೆ ಎಂತ ಇಲ್ಲೆ."

ಬಾಬಣ್ಣ ಸ್ವಿಚ್ ಹಾಕಿಸಿ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿ ಕುಳಿತರು. ಅರ್ಧ ಗಂಟೆ ಮುಂಬಯಿಯ ಕಥೆ ಹೇಳಿದರು. ಲಚ್ಚಮ್ಮ ಚಕ್ಕುಲಿ ತಂದಿಟ್ಟರು, ಬಾಬಣ್ಣನ ಎದುರಿಗೆ ಮಾತ್ರ. ನೀರು ಚೆನ್ನಾಗಿ ಕಾದ ಮೇಲೆ ಎದ್ದು, ಕಿಟಕಿಗೆ ಗೋಣಿಚೀಲ ಅಡ್ಡ ಕಟ್ಟಿ ಕತ್ತಲೆ ಮಾಡಿ, ಟೆಸ್ಟರನ್ನು ನಲ್ಲಿಗೆ ಮುಟ್ಟಿಸಿದರು. ಸಣ್ಣಗೆ, ಬೂದಿಯೊಳಗಿನ ಕೆಂಡದ ಹಾಗೆ, ದೀಪ ಹತ್ತಿತು. ನಾನು ತಣ್ಣಗಿದ್ದ ಗೀಸರನ್ನು, ಹಾಡಹಗಲ ಬೆಳಕಿನಲ್ಲಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಪರೀಕ್ಷೆ ಮಾಡಿದ್ದೆ. ಲಚ್ಚಮ್ಮ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹೇಳಿದ್ದರು.

ಬಿಚ್ಚಿದರೆ ಕಾಯಿಲಿನ ಮೇಲೆ ಕೂದಲೆಳೆಯಷ್ಟು ಬಿರುಕು. ಬಿಸಿಯಾದಾಗ ಅದು ತೆರೆದುಕೊಂಡು ಕರೆಂಟು ನೀರಿಗೆ ಸೇರುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ. ಗೀಸರಿನ ಹಸಿರು ತಂತಿಯನ್ನು ಹುಡುಕಿಕೊಂಡು ಹೋದರೆ ಅದು ಗೋಡೆಯ ಪೆಟ್ಟಿಗೆಯೊಳಗೆ ಹೋಗಿ ಯಾವುದಕ್ಕೂ ಸೇರದೆ ಸುರುಳಿ ಸುತ್ತಿಕೊಂಡು ಕುಳಿತಿತ್ತು. ಹಾಕಿದವರು ಹೊರಗಿನ ನೋಟಕ್ಕೆ ಹಾಕಿದ್ದರು. ಕಾಯಿಲ್ ಬದಲಿಸಿದೆವು. ಬಚ್ಚಲ ನೀರು ಹರಿದು ಹೋಗುವ ಬಾಳೆಯ ಬುಡದಲ್ಲಿ, ಮಣ್ಣು ಸದಾ ಹಸಿ ಇರುವ ಜಾಗ ನೋಡಿ ನಾನೇ ಗುಂಡಿ ತೋಡಿದೆ. ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಮಾಡಿದೆ. ಬಾಬಣ್ಣ ಮೊದಲು ತಮ್ಮ ಬರಿಗಾಲನ್ನು ಒದ್ದೆ ನೆಲದ ಮೇಲಿಟ್ಟು, ನೀರಿಗೆ ಕೈಯೊಡ್ಡಿ ತೋರಿಸಿದ ಮೇಲೆಯೇ ಲಚ್ಚಮ್ಮ ಒಪ್ಪಿದ್ದು.

ಹೊರಡುವಾಗ ನಾನು, "ತಪ್ಪಾಯ್ತ್ ಅಮ್ಮಾ," ಎಂದೆ. ಅವರು ಒಳಗೆ ಹೋಗಿ ಒಂದು ಸಣ್ಣ ಬಾಟ್ಲಿ ತಂದು ನನ್ನ ಕೈಯಲ್ಲಿಟ್ಟು, ತಮ್ಮ ಕಿವಿ ಮುಟ್ಟಿ ತೋರಿಸಿದರು.

"ವಾತದ್ ಎಣ್ಣಿ. ಎರಡ್ ಹನಿ ಕೆಮಿಗೆ ಬಿಟ್ಕಣಿ. ವಾತ ಇಪ್ಪುದ್ ನನ್ ಕೈಗಲ್ಲ, ನಿಮ್ ಕೆಮಿಗೆ."

ಒಳಗಿನಿಂದ ಜಲಜಾ ನಕ್ಕದ್ದು ಕೇಳಿಸಿತು. ಬಸ್ಸಿನಲ್ಲಿ ಬಾಬಣ್ಣ ಕುಂದಾಪುರದವರೆಗೂ ನಗುತ್ತಿದ್ದರು. ಆ ಎಣ್ಣೆಯ ಬಾಟ್ಲಿಯನ್ನು ನಾನು ಎಸೆಯಲಿಲ್ಲ. ಜನ ಹೇಳುವ ದೂರು ಎಷ್ಟೇ ವಿಚಿತ್ರವಾಗಿ ಕಂಡರೂ ಆಮೇಲೆ ಒಮ್ಮೆಯೂ ಮೊದಲೇ ತಳ್ಳಿಹಾಕಲಿಲ್ಲ. "ಗೀಸರು ರಾತ್ರಿ ಕೆಮ್ಮುತ್ತದೆ" ಎಂದರೂ ಹೋಗಿ ನೋಡಿದೆ. ಕೆಮ್ಮುತ್ತಿತ್ತು, ತಳದಲ್ಲಿ ಕಟ್ಟಿದ ಗಸಿಯಡಿ ನೀರು ಕುದಿದು.

ಹೊಸ ಗೀಸರು ಕೊಳ್ಳಲು ಬಂದವರಿಗೆ ಪೈ ಮಾಮ್ ಕೇಳುವ ಪ್ರಶ್ನೆ ಬೇರೆ ಯಾವ ಅಂಗಡಿಯಲ್ಲೂ ನಾನು ಕೇಳಿಲ್ಲ. "ನೀವ್ ಹ್ಯಾಂಗೆ ಮೀತ್ರಿ?" ಎಂದು ಕೇಳುತ್ತಿದ್ದರು. ಹೊಸ ಮದುವೆಯ ಜೋಡಿಗಳು ಮುಖ ಕೆಂಪು ಮಾಡಿಕೊಳ್ಳುತ್ತಿದ್ದವು. ಪೈ ಮಾಮ್ ಅವರಿಗೆ ತಿಳಿಯಬೇಕಿದ್ದದ್ದು ಇಷ್ಟೇ: ಬಕೆಟಿಗೆ ಹಿಡಿದು ಚೆಂಬಿನಲ್ಲಿ ಮೀಯುವವರಾ, ಶವರ್ ಕೆಳಗೆ ನಿಲ್ಲುವವರಾ, ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಎಷ್ಟು ಜನ, ಸಂಜೆ ಓಲ್ಟೇಜು ಎಷ್ಟು ಇಳಿಯುತ್ತದೆ, ಮೇಲಿನ ಟ್ಯಾಂಕು ಎಷ್ಟು ಎತ್ತರ. ಇಬ್ಬರೇ ಇರುವ ಮನೆಗೆ ಇಪ್ಪತ್ತೈದು ಲೀಟರು ಕೇಳಿದವರನ್ನು ಒಪ್ಪಿಸಿ ಹತ್ತು ಲೀಟರು ಕೊಟ್ಟು ಕಳಿಸುತ್ತಿದ್ದರು. ಸೌರ ಹೀಟರಿನ ಕಾಲ ಬಂದಾಗ ಕೋಟದ ಮೇಷ್ಟ್ರೊಬ್ಬರು ಹಟ ಹಿಡಿದು ಹಾಕಿಸಿದರು. ಸೆಕೆಗೆ ಯಾರೂ ಬಿಸಿನೀರು ಕೇಳದ ಏಪ್ರಿಲಿನಲ್ಲಿ ಅದು ಕುದಿಯುವ ನೀರು ಕೊಟ್ಟಿತು, ಜುಲೈಯಲ್ಲಿ ಮಳೆನೀರನ್ನೇ ಕೊಟ್ಟಿತು. ಮೇಷ್ಟ್ರು ಮಳೆಗಾಲಕ್ಕೆಂದು ಒಂದು ಸಣ್ಣ ಗೀಸರನ್ನೂ ತೆಗೆದುಕೊಂಡು, "ಎರಡು ಹೆಂಡಿರ ಸಂಸಾರ ಆಯಿತು," ಎಂದರು.

ಹೊಸ ಶತಮಾನದ ಮೊದಲ ಹತ್ತು ವರ್ಷದಲ್ಲಿ ನಮ್ಮ ಕೆಲಸದ ಸ್ವರೂಪವೇ ಬದಲಾಯಿತು. ತಾಮ್ರದ ಟ್ಯಾಂಕು ಸೋರಿದರೆ ಬಾಬಣ್ಣ ಅದನ್ನು ಕೆಳಗಿಳಿಸಿ, ತೂತು ಹುಡುಕಿ, ಬೆಸುಗೆ ಹಾಕಿ ಮತ್ತೆ ಐದು ವರ್ಷ ಓಡಿಸುತ್ತಿದ್ದರು. ಅವರ ಬೆಸುಗೆಯ ಗೆರೆ ಹೊಲಿಗೆಯ ಹಾಗೆ ಸಪೂರ. ಆಮೇಲೆ ಬಂದದ್ದು ಒಳಗೆ ಗಾಜಿನಂಥ ಲೇಪ ಹಾಕಿದ ಟ್ಯಾಂಕು. ಅದಕ್ಕೆ ಬೆಂಕಿ ತೋರಿಸಿದರೆ ಲೇಪ ಸಿಡಿಯುತ್ತದೆ. ಬೆಸುಗೆ ಹಾಕುವ ಮಾತೇ ಇಲ್ಲ. ಅದರೊಳಗೆ ಮೆಗ್ನೀಸಿಯಮಿನ ಒಂದು ಕಡ್ಡಿ ಇರುತ್ತದೆ. ನೀರಿನ ಉಪ್ಪು ಮೊದಲು ಅದನ್ನು ತಿನ್ನುತ್ತದೆ, ಟ್ಯಾಂಕು ಉಳಿಯುತ್ತದೆ. ಉಪ್ಪುನೀರಿನ ಮನೆಗಳಲ್ಲಿ ಆ ಕಡ್ಡಿಯನ್ನು ವರ್ಷ, ಒಂದೂವರೆ ವರ್ಷಕ್ಕೆ ಬದಲಿಸಬೇಕು. ನೂರಕ್ಕೆ ತೊಂಬತ್ತು ಮನೆಯವರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ನೀವು ಬೇರೆ ಏನು ಮರೆತರೂ ಇದನ್ನು ಹೇಳಲು ಮರೆಯಬೇಡಿ. ಕಾಯಿಲ್, ಥರ್ಮೋಸ್ಟಾಟ್ ಹೋದರೆ ರಿಪೇರಿ. ಟ್ಯಾಂಕೇ ಸೋರಿದರೆ ಹೊಸತು. ಇವೆರಡರ ನಡುವೆ ಜನರನ್ನು ಅಲೆದಾಡಿಸಬೇಡಿ.

ಮೊದಲ ಸಲ ಗಾಜಿನ ಲೇಪದ ಟ್ಯಾಂಕು ಬಿಚ್ಚಿದ ದಿನ ಬಾಬಣ್ಣ ಒಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. "ಚಂದ ಇತ್ತ್," ಎಂದರು. ಬೆಸುಗೆಯ ಸಾಮಾನನ್ನು ಒರೆಸಿ, ಬಟ್ಟೆ ಸುತ್ತಿ ಮೇಲಿನ ಕಪಾಟಿಗೆ ಇಟ್ಟರು. ಮೊಣಕಾಲಿನ ನೋವೂ ಶುರುವಾಗಿತ್ತು. ಪೈ ಮಾಮ್ ಅವರನ್ನು ಮನೆಗೆ ಕಳಿಸಲಿಲ್ಲ. ಕೌಂಟರಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಗಿರಾಕಿಗಳಿಗೆ ಆರಿಸಿಕೊಡುವ ಕೆಲಸ ವಹಿಸಿದರು.

ಬಾಬಣ್ಣನಷ್ಟು ಕೆಟ್ಟ ಸೇಲ್ಸ್‌ಮ್ಯಾನನ್ನು ನಾನು ನೋಡಿಲ್ಲ. ಹೊಸ ಗೀಸರಿಗೆಂದು ಬಂದವರಿಂದ ಹಳೆಯದರ ರೋಗಲಕ್ಷಣ ಕೇಳಿ, "ಅದ್ಕೆ ಎಂತದೂ ಆಯ್ಲಿಲ್ಲೆ, ಥರ್ಮೋಸ್ಟಾಟ್ ಹಾಕ್ರೆ ಸಾಕ್," ಎಂದು ಕೈಬೀಸಿ ಕಳಿಸುತ್ತಿದ್ದರು. ಪೈ ಮಾಮ್ ಒಳಗಿನಿಂದ ಕೇಳಿಸಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ಬ್ರಹ್ಮಾವರದಿಂದಲೂ ಬೈಂದೂರಿನಿಂದಲೂ ಜನ ಬಸ್ಸಿಳಿದು, "ಬಾಬಣ್ಣ ಇದ್ರಾ?" ಎಂದು ಕೇಳಿಕೊಂಡು ಬರುವುದು ಶುರುವಾಯಿತು.

ಇನ್ನು ಬ್ರಹ್ಮಾವರದ ಘಟನೆ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬರೆಯಲೇಬೇಕು.

ಗ್ಯಾಸ್ ಗೀಸರುಗಳು ಬಂದಿದ್ದ ಕಾಲ. ಕರೆಂಟು ಹೋದರೂ ತೊಂದರೆಯಿಲ್ಲ, ನಲ್ಲಿ ತಿರುಗಿಸಿದರೆ ಆ ಕ್ಷಣ ಬಿಸಿನೀರು. ಜನಕ್ಕೆ ಇಷ್ಟವಾಗದೆ ಇರುತ್ತದೆಯೇ? ಬಾಬಣ್ಣ ಮಾತ್ರ ಬಚ್ಚಲಿಗೆ ಗಾಳಿ ಹೋಗಿಬರುವ ಕಿಟಕಿ ಇದೆ ಎಂದು ಖಾತ್ರಿಯಾಗದೆ ಅದನ್ನು ಕೊಡುತ್ತಿರಲಿಲ್ಲ. ಉರಿಯುವ ಗ್ಯಾಸು ಮುಚ್ಚಿದ ಕೋಣೆಯ ಗಾಳಿಯನ್ನು ವಿಷ ಮಾಡುತ್ತದೆ. ಆ ವಿಷಕ್ಕೆ ವಾಸನೆಯಿಲ್ಲ, ಹೊಗೆಯಿಲ್ಲ, ಮೀಯುತ್ತಿರುವವರಿಗೆ ನಿದ್ದೆ ಬಂದ ಹಾಗಾಗುತ್ತದೆ, ಅಷ್ಟೇ. ಮುಂಬಯಿಯಲ್ಲಿ ಒಂದು ಸಲ ಕಂಡಿದ್ದೇನೆ ಎಂದಿದ್ದರು. ಏನು ಕಂಡದ್ದೆಂದು ಹೇಳಿರಲಿಲ್ಲ.

ವಾಸುದೇವ ಎಂಬ ಜವಳಿ ವ್ಯಾಪಾರಿ ಒಂದು ಗ್ಯಾಸ್ ಗೀಸರನ್ನು ಬೇರೆಲ್ಲೋ ಕೊಂಡು, ಕೂರಿಸಿಕೊಡಲು ನಮ್ಮ ಅಂಗಡಿಗೆ ಹೇಳಿದರು. ಶನಿವಾರ, ಬಾಬಣ್ಣ ರಜೆ. ನಾನು ಹೋದೆ. ಹೊಸ ಬಚ್ಚಲುಮನೆ, ನೆಲದಿಂದ ಮಾಡಿನವರೆಗೆ ಹಸಿರು ಟೈಲ್ಸ್. ಕಿಟಕಿ ಇಲ್ಲ. ನಾನು ಹೇಳಿದೆ, ತೂತು ತೆಗೆಸದೆ ಇದನ್ನು ಹಾಕಬಾರದು ಎಂದು. ಅವರು ಬಹಳ ಮರ್ಯಾದಸ್ಥರು. "ಟೈಲ್ಸ್ ಹಾಕಿ ವಾರ ಆಯ್ಲಿಲ್ಲೆ ಸುಧಾಕರ್‌ರೆ. ಇದೊಂದ್ ಮಳೆ ಮುಗಿಲಿ, ಮೇಸ್ತ್ರಿನ ಕರ್ಸಿ ಮಾಡ್ಸುವ. ಅಲ್ಲಿವರಿಗೆ ಬಾಗ್ಲ್ ಒಂಚೂರ್ ತೆರ್ದಿಟ್ಕಂಡ್ ಮೀತೊ," ಎಂದರು. ನನಗೂ ಅಷ್ಟು ದೂರ ಹೋಗಿ ಬರಿಗೈಯಲ್ಲಿ ಮರಳುವ ಮನಸ್ಸಿಲ್ಲ. ಹಾಕಿದೆ. ಬಾಗಿಲು ತೆರೆದಿಟ್ಟು ಮೀಯುತ್ತಾರೆಂದು ನಂಬಿದೆ. ಬಾಗಿಲು ತೆರೆದಿಟ್ಟು ಯಾರು ಮೀಯುತ್ತಾರೆ?

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ ಹಾಗೆ ಬಾಬಣ್ಣ ಕೇಳಿದರು. "ಬ್ರಹ್ಮಾವರದಲ್ಲಿ ಕಿಟ್ಕಿ ಕಂಡ್ಯಾ?"

"ಮಳೆ ಮುಗ್ದ ಮೇಲೆ ಮಾಡ್ಸುತ್ರಂಬ್ರ್ ಬಾಬಣ್ಣ."

ಅವರು ನನ್ನನ್ನೇ ನೋಡಿದರು. ಕೌಂಟರಿನಿಂದ ಎದ್ದು, ಸುತ್ತಿಗೆ ಮತ್ತು ಉಳಿ ತೆಗೆದುಕೊಂಡು, ಕುಂಟುತ್ತ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಹಿಂದೆ ಓಡಿದೆ.

ನಾವು ಮುಟ್ಟುವಾಗ ವಾಸುದೇವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಒಳಗಿನಿಂದ ಬಂದು, "ಮಗಳ್ ಮೀತಿತ್ತ್, ಕಾಲೇಜಿಗ್ ಹೋಪುಕೆ. ಕೂಕಣಿ," ಎಂದರು.

"ಎಷ್ಟ್ ಹೊತ್ತಾಯ್ತ್ ಅಮ್ಮ ಹೋಯಿ?" ಬಾಬಣ್ಣ ಕೇಳಿದರು.

"ಸುಮಾರ್ ಹೊತ್ತಾಯ್ತ್. ತಲಿಗ್ ಮೀವ್ ದಿನ..."

ಬಾಬಣ್ಣ ಕೇಳಿ ಮುಗಿಸಲಿಲ್ಲ. ನೇರ ಒಳಗೆ ಹೋಗಿ ಬಚ್ಚಲ ಬಾಗಿಲನ್ನು ಗುದ್ದಿದರು. ಒಳಗೆ ನೀರು ಬೀಳುವ ಸದ್ದು ಮಾತ್ರ. "ವೀಣಾ! ವೀಣಾ!" ತಾಯಿ ಕೂಗಿದರು. ಉತ್ತರವಿಲ್ಲ. ವಾಸುದೇವರು ಪೇಪರ್ ಎಸೆದು ಬಂದು ಭುಜ ಕೊಟ್ಟು ನೂಕಿದರು. ಪ್ಲಾಸ್ಟಿಕ್ ಬಾಗಿಲಿನ ಚಿಲಕ ಕಿತ್ತುಬಂತು. ನಾವು ಗಂಡಸರು ಹಿಂದೆ ಸರಿದೆವು. ತಾಯಿ ಟವೆಲು ಹೊದೆಸಿ ಮಗಳನ್ನು ಎಳೆದು ತಂದರು. ನಾನು ಅಡುಗೆಮನೆಗೆ ಓಡಿ ಸಿಲಿಂಡರ್ ಬಂದ್ ಮಾಡಿದೆ. ಅದರ ರೆಗ್ಯುಲೇಟರ್ ಯಾವ ಕಡೆ ತಿರುಗಿಸಬೇಕೆಂದು ಒಂದು ಗಳಿಗೆ ಮರೆತೇಹೋಯಿತು.

ಹುಡುಗಿಯನ್ನು ಜಗಲಿಯ ಗಾಳಿಗೆ ತಂದು ಮಲಗಿಸಿದರು. ಉಸಿರಿತ್ತು. ವಾಸುದೇವರು ಕಾರು ತೆಗೆಯುವಷ್ಟರಲ್ಲಿ ಕಣ್ಣು ಬಿಟ್ಟು, "ಅಮ್ಮಾ, ತಲಿ ಸಿಡಿತಿತ್ತ್," ಎಂದಳು. ಆ ಒಂದು ಮಾತಿಗೆ ಬಾಬಣ್ಣ ಕಂಬಕ್ಕೆ ಒರಗಿ ನೆಲಕ್ಕೆ ಜಾರಿ ಕುಳಿತರು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಒಂದು ದಿನ ಇಟ್ಟುಕೊಂಡು ಕಳಿಸಿದರು. ಇನ್ನೂ ಹತ್ತು ನಿಮಿಷ ಆಗಿದ್ದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರಂತೆ.

ಕಾರು ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ನಾವಿಬ್ಬರು ಮತ್ತು ನೋಡಲು ಬಂದ ಪಕ್ಕದ ಮನೆಯವರು. ಬಾಬಣ್ಣ ಎದ್ದು ಬಚ್ಚಲಿಗೆ ಹೋಗಿ ಗೋಡೆಯ ಮೇಲಿನ ಸಾಲಿನ ಟೈಲ್ಸಿಗೆ ಉಳಿ ಇಟ್ಟು ಹೊಡೆಯಲು ಶುರುಮಾಡಿದರು. ನಾನು ಉಳಿಗೆ ಕೈ ಚಾಚಿದೆ. ಕೊಡಲಿಲ್ಲ. ಎರಡು ಗಂಟೆ ಕಳೆದು ವಾಸುದೇವರು ಬಟ್ಟೆಬರೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಬಂದಾಗ ಬಚ್ಚಲು ತುಂಬ ಹಸಿರು ಚೂರು. ಅವರು ಬಾಗಿಲಲ್ಲಿ ನಿಂತು ನೋಡಿದರು. ಬೈಯುತ್ತಾರೆಂದು ನಾನು ಕಾದೆ. ಅವರು ಒಳಗೆ ಬಂದು ಬಾಬಣ್ಣನ ಕೈಯಿಂದ ಸುತ್ತಿಗೆ ತೆಗೆದುಕೊಂಡು ತಾವೇ ಹೊಡೆಯಲು ಹತ್ತಿದರು. ಅಳುತ್ತಿದ್ದರು. ಒಂದು ಕಲ್ಲು ಆಚೆ ಬಿದ್ದು ಹೊರಗಿನ ಬೆಳಕು ಒಳಗೆ ಬರುವವರೆಗೆ ನಿಲ್ಲಿಸಲಿಲ್ಲ.

ಸಂಜೆ ಅಂಗಡಿಗೆ ಬಂದು ಪೈ ಮಾಮ್ ಎದುರು ನಿಂತು ನಡೆದದ್ದೆಲ್ಲ ಹೇಳಿದೆ. ಕೆಲಸ ಬಿಡುತ್ತೇನೆ ಎಂದೆ. ಅವರು ಜೇಬಿನ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಕೆಲ್ಸ ಬಿಟ್ರೆ ನಿಂಗ್ ಹಗೂರ ಆತ್ತ್. ಬಾಕಿದವ್ರಿಗೆ?" ಎಂದರು. ಆಮೇಲೆ ಕೇಳಿದರು: "ಇನ್ನ್ ಎಷ್ಟ್ ಮನೆಗ್ ಹಾಕಿದ್ಯಾ ಇದನ್ನ?"

ಬೆರಳು ಮಡಚಿ ಎಣಿಸಿದೆ. ಏಳು.

ಮರುದಿನ ಪೈ ಮಾಮ್ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹಬ್ಬವೂ ಅಲ್ಲ, ಸೂತಕವೂ ಅಲ್ಲ. ಮೂವರೂ ಅವರ ಹಳೆಯ ವ್ಯಾನಿನಲ್ಲಿ ಹೊರಟೆವು. ಕ್ಷಮೆ ಕೇಳುವುದು ನನ್ನ ಪಾಲಿಗೆ, ಉಳಿ ಬಾಬಣ್ಣನ ಪಾಲಿಗೆ. ಏಳರಲ್ಲಿ ಎರಡು ಮನೆಯಲ್ಲಿ ಎಲ್ಲವೂ ಸರಿಯಾಗಿತ್ತು. ನಾಲ್ಕರಲ್ಲಿ ಹಾಕುವಾಗ ಇದ್ದ ಕಿಟಕಿಯನ್ನು ಆಮೇಲೆ ಜನರೇ ಮುಚ್ಚಿಬಿಟ್ಟಿದ್ದರು, ಒಬ್ಬರು ಸೊಳ್ಳೆಗೆ, ಒಬ್ಬರು ಮಳೆಯ ಇರಿಚಲಿಗೆ, ಇಬ್ಬರು ನೆರೆಮನೆಯವರ ಕಣ್ಣಿಗೆ. ತೆರೆದೆವು. ಮುಚ್ಚದ ಹಾಗೆ ಓರೆ ಪಟ್ಟಿ ಕೂರಿಸಿದೆವು.

ಕೊನೆಯದು ಕೋಟದಲ್ಲಿ, ನನ್ನ ಮನೆಯಿಂದ ಕೂಗಳತೆಯ ದೂರ. ಅಲ್ಲಿ ಗಾಳಿಗೆಂದು ಇದ್ದದ್ದು ಕೈ ತೂರುವಷ್ಟೇ ಸಣ್ಣ ಕಿಂಡಿ. ಸಾಕು ಎಂದು ನಾನೇ ಅಂದಾಜು ಮಾಡಿದ್ದೆ. ಬಾಗಿಲು ತೆರೆದ ಹೆಂಗಸು ನಮ್ಮ ಮೂವರನ್ನೂ, ಬಾಬಣ್ಣನ ಕೈಯ ಸುತ್ತಿಗೆಯನ್ನೂ ನೋಡಿ ಗಾಬರಿಯಾದರು.

"ಎಂತ ಆಯ್ತ್? ನಾವ್ ಕಂಪ್ಲೇಂಟ್ ಕೊಡ್ಲೇ ಇಲ್ಲ್ಯಲೆ?"

"ನೀವ್ ಕೊಡ್ಲಿಲ್ಲೆ ಅಮ್ಮಾ," ಎಂದರು ಪೈ ಮಾಮ್. "ಕಂಪ್ಲೇಂಟ್ ನಮ್ದೇ, ನಮ್ ಮೇಲೇ."

ಬಾಬಣ್ಣ ಗೋಡೆ ಒಡೆಯುವಾಗ ಪೈ ಮಾಮ್ ಪಂಚೆಯನ್ನು ಮೇಲೆತ್ತಿ ಕಟ್ಟಿದರು. ಬಿದ್ದ ಕಲ್ಲು, ಗಾರೆಯ ಚೂರುಗಳನ್ನು ತಮ್ಮ ಕೈಯಿಂದ ಹೆಕ್ಕಿ ಬಕೆಟಿಗೆ ತುಂಬಿ, ನಾನು ಎಷ್ಟು ಹೇಳಿದರೂ ಬಿಡದೆ, ಒಂದೊಂದೇ ಬಕೆಟು ಅಂಗಳಕ್ಕೆ ಹೊತ್ತು ಹಾಕಿದರು.